ಓದುಗರ ಪ್ರಶ್ನೆ: ಇನ್ನೂ ಬರದ ಬುದ್ಧನ ವಿಚಾರ

ಬುದ್ಧ ಪೂರ್ಣಿಮೆಯ ಸಂಚಿಕೆಯಲ್ಲಿ ಮೈತ್ರೇಯನ ಬಗ್ಗೆ ನಾಲ್ಕೇ ಸಾಲು ಬರೆದಿದ್ದೆ. ಶಾಕ್ಯಮುನಿಯ, ಅಂದರೆ ಗೌತಮ ಬುದ್ಧನ, ನಂತರ ಹುಟ್ಟಲಿರುವ ಬುದ್ಧ, ಈಗ ತುಷಿತ ಎಂಬ ದೇವಲೋಕದಲ್ಲಿ ಬೋಧಿಸತ್ವನಾಗಿ, ಅಂದರೆ ಬುದ್ಧನಾಗುವ ಹಾದಿಯಲ್ಲಿರುವವನಾಗಿ, ಇದ್ದಾನೆ ಎಂಬ ನಂಬಿಕೆ, ಇಷ್ಟೇ. ಅದಕ್ಕೆ ಮುಂಬೈ, ಪುಣೆ, ಗೋವಾದಿಂದ ಬಂದ ಪ್ರಶ್ನೆಗಳನ್ನು ನೋಡಿ ಈ ಸಲದ ಅಂಕಣವನ್ನು ಅವನಿಗೇ ಬಿಟ್ಟುಕೊಟ್ಟಿದ್ದೇನೆ. ಪತ್ನಿ ಜೊತೆ ಜಗಳ, ಮಗನ ಅಡ್ಮಿಷನ್ ಮುಂತಾದ ಪ್ರಶ್ನೆ ಕೇಳಿದವರು ಒಂದು ತಿಂಗಳು ತಡೆದುಕೊಳ್ಳಿ.

ಪ್ರ: ನಮ್ಮ ಹೋಟೆಲಿನ ಗಲ್ಲಾದ ಪಕ್ಕ ಒಂದು ಲಾಫಿಂಗ್ ಬುದ್ಧ ಇದೆ. ದಿನಾ ಊದುಬತ್ತಿ ಹಚ್ಚುತ್ತೇನೆ. ಮೊನ್ನೆ ಒಬ್ಬ ಗಿರಾಕಿ ‘ಇದು ಬುದ್ಧನೇ ಅಲ್ಲ’ ಅಂದರು. ಹೌದಾ? ಇದನ್ನು ನಾವೇ ಕೊಳ್ಳಬಾರದು, ಬೇರೆಯವರು ಕೊಡಬೇಕು ಎನ್ನುವುದೂ ನಿಜವಾ? (ಹೋಟೆಲ್ ಮಾಲೀಕರು, ಠಾಣೆ)

ಗಿರಾಕಿ ಹೇಳಿದ್ದು ಅರ್ಧ ಸರಿ ಮಾರಾಯ್ರೇ. ಕಪಿಲವಸ್ತುವಿನ ಗೌತಮ ಬುದ್ಧ ಅಲ್ಲ ಇವನು. ಚೀನಾದ ಒಬ್ಬ ಭಿಕ್ಷು. ಊರು ಈಗಿನ ಝೆಜಿಯಾಂಗ್ ಪ್ರಾಂತ್ಯದ ಫೆಂಗ್‌ಹುವಾ, ಕಾಲ ಹತ್ತನೇ ಶತಮಾನದ ಶುರು. ಹೆಗಲ ಮೇಲೆ ಸದಾ ಒಂದು ಬಟ್ಟೆ ಚೀಲ, ಅದಕ್ಕೇ ಜನ ‘ಬುದಾಯ್’ ಅಂದರು, ಅಂದರೆ ಬಟ್ಟೆ ಚೀಲ. ಯಾರು ಏನು ಕೊಟ್ಟರೂ ಚೀಲಕ್ಕೆ ಹಾಕಿಕೊಳ್ಳುತ್ತಿದ್ದ, ಸಿಕ್ಕಲ್ಲಿ ಮಲಗುತ್ತಿದ್ದ, ಹಿಂದೆ ಮಕ್ಕಳ ಗುಂಪು. ಸಾಯುವ ಹೊತ್ತಿಗೆ ಒಂದು ಪದ್ಯ ಬಿಟ್ಟುಹೋದನಂತೆ. ಮೈತ್ರೇಯ ಸಾವಿರಾರು ರೂಪದಲ್ಲಿ ಜನರ ನಡುವೆಯೇ ಓಡಾಡುತ್ತಾನೆ, ಜನಕ್ಕೆ ಗುರುತೇ ಸಿಗುವುದಿಲ್ಲ ಎಂಬುದು ಅದರ ಸಾರ. ಅಯ್ಯೋ, ನಮ್ಮ ಜೊತೆ ಇದ್ದವನು ಅವನೇ ಆಗಿದ್ದನಲ್ಲಾ ಎಂದು ಜನ ಆಮೇಲೆ ನಂಬಿದರು. ಆ ಲೆಕ್ಕದಲ್ಲಿ ನಿಮ್ಮ ಗಲ್ಲಾದ ಪಕ್ಕ ಕೂತಿರುವವನು ಮುಂದಿನ ಬುದ್ಧ.

ಚೀನಾದ ಗುಡಿಗಳಲ್ಲಿ ಇವನಿಗೆ ಒಳಗಿನ ಗರ್ಭಗುಡಿ ಇಲ್ಲ. ಮುಂಬಾಗಿಲಿನ ಮೊದಲ ಮಂಟಪದಲ್ಲೇ, ನಾಲ್ಕು ದಿಕ್ಪಾಲಕರ ನಡುವೆ, ಬರುವವರ ಕಡೆ ಮುಖ ಮಾಡಿ ನಗುತ್ತಾ ಕೂತಿರುತ್ತಾನೆ. ಅವನ ಬೆನ್ನ ಹಿಂದೆ ಒಳಮುಖವಾಗಿ ವೇಯ್‌ತುವೊ ಎಂಬ ಕಾವಲುಗಾರ ನಿಂತಿರುತ್ತಾನೆ. ಈ ವೇಯ್‌ತುವೊ ಮೂಲದಲ್ಲಿ ನಮ್ಮ ಸ್ಕಂದನೇ ಎನ್ನುತ್ತಾರೆ ಬಲ್ಲವರು. ನೀವು ಕುಕ್ಕೆ ಕಡೆಯವರಾದರೆ ಖುಷಿಪಡಿ. ಜಪಾನಿಗೆ ಹೋದ ಬುದಾಯ್ ‘ಹೊತೆಯಿ’ ಆಗಿ, ಅಲ್ಲಿನ ಏಳು ಅದೃಷ್ಟ ದೇವತೆಗಳಲ್ಲಿ ಒಬ್ಬನಾದ.

ಇನ್ನು ಉಡುಗೊರೆಯಾಗಿಯೇ ಬರಬೇಕು, ಹೊಟ್ಟೆ ಸವರಬೇಕು, ಇಂಥದ್ದೇ ದಿಕ್ಕಿಗೆ ಇಡಬೇಕು ಎನ್ನುವುದಕ್ಕೆ ಬೌದ್ಧ ಗ್ರಂಥಗಳ ಆಧಾರ ಏನೂ ಇಲ್ಲ. ಕ್ರಾಫರ್ಡ್ ಮಾರ್ಕೆಟ್ಟಿನಲ್ಲಿ ನೀವೇ ಕೊಂಡಿದ್ದರೂ ತಪ್ಪಿಲ್ಲ. ಊದುಬತ್ತಿ ನಿಮ್ಮಿಷ್ಟ.

ಪ್ರ: ಕಲಿಯುಗ ಮುಗಿಯುವಾಗ ಕಲ್ಕಿ ಬರುತ್ತಾನೆ ಎಂದು ಅಜ್ಜಿ ಹೇಳುತ್ತಿದ್ದರು. ಮೈತ್ರೇಯ ಎಂದರೆ ಬೌದ್ಧರ ಕಲ್ಕಿ ಅಲ್ವಾ? (ಕಾಲೇಜು ಉಪನ್ಯಾಸಕಿ, ಪುಣೆ)

ಈ ಪ್ರಶ್ನೆ ಜಾಸ್ತಿ ಜನ ಕೇಳಿದ್ದಾರೆ, ಹಾಗಾಗಿ ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ ಮೇಡಂ. ಮೇಲ್ನೋಟಕ್ಕೆ ಹೋಲಿಕೆ ಇದೆ. ಇಬ್ಬರೂ ಮುಂದೆ ಬರುವವರು, ಇಬ್ಬರೂ ಬ್ರಾಹ್ಮಣರ ಮನೆಯಲ್ಲಿ ಹುಟ್ಟುತ್ತಾರೆ ಎಂದು ಆಯಾ ಕತೆಗಳು ಹೇಳುತ್ತವೆ. ಆದರೆ ಬರುವ ಹೊತ್ತು ನೋಡಿ. ಲೋಕ ಪೂರ್ತಿ ಕೆಟ್ಟ ಮೇಲೆ ಕಲ್ಕಿ ಕುದುರೆ ಏರಿ, ಕತ್ತಿ ಹಿಡಿದು ಬಂದು ದುಷ್ಟರನ್ನು ಕಡಿಯುತ್ತಾನೆ. ಮೈತ್ರೇಯ ಬರುವುದು ಲೋಕ ಸರಿಹೋದ ಮೇಲೆ. ಸರಿಮಾಡುವ ಕೆಲಸ ಅವನದ್ದಲ್ಲ. ಅದನ್ನು ಜನ ಮೊದಲೇ ಮಾಡಿ ಮುಗಿಸಿರುತ್ತಾರೆ.

ಇದು ನನ್ನ ವ್ಯಾಖ್ಯಾನ ಅಲ್ಲ. ಬುದ್ಧನ ಉದ್ದದ ಉಪದೇಶಗಳ ಸಂಗ್ರಹವಾದ ಪಾಲಿ ಭಾಷೆಯ ದೀಘ ನಿಕಾಯದ 26ನೇ ಸುತ್ತದಲ್ಲಿ (ಸುತ್ತ ಎಂದರೆ ಸೂತ್ರ, ಒಂದು ಉಪದೇಶ), ಅಂದರೆ ಚಕ್ಕವತ್ತಿ ಸೀಹನಾದ ಸುತ್ತದಲ್ಲಿ, ಬುದ್ಧನೇ ಹೇಳುವ ಕತೆ ಇದೆ. ಒಂದು ಕಾಲದಲ್ಲಿ ಮನುಷ್ಯರ ಆಯುಸ್ಸು 80,000 ವರ್ಷ. ಚಕ್ರವರ್ತಿಗಳು ಧರ್ಮದಿಂದ ಆಳುತ್ತಿದ್ದರು. ಆಮೇಲೆ ಒಬ್ಬ ರಾಜ ಬಂದ. ಕೆಟ್ಟವನೇನಲ್ಲ, ಕಾವಲು ಗೀವಲು ಎಲ್ಲ ಸರಿಯಾಗಿಯೇ ಇಟ್ಟ, ಆದರೆ ಬಡವರಿಗೆ ದುಡ್ಡು ಕೊಡಲಿಲ್ಲ. ಅಷ್ಟೇ ಅವನು ಬಿಟ್ಟ ಕೆಲಸ. ಬಡತನ ಬೆಳೆಯಿತು. ಒಬ್ಬ ಕದ್ದ. ಹಿಡಿದು ತಂದಾಗ ‘ಬದುಕಲು ಏನೂ ಇಲ್ಲ ದೊರೆ’ ಅಂದ. ರಾಜ ಕರಗಿ ದುಡ್ಡು ಕೊಟ್ಟು ಕಳಿಸಿದ. ಓಹೋ, ಕದ್ದರೆ ದುಡ್ಡು ಸಿಗುತ್ತದೆ ಎಂದು ಊರೆಲ್ಲ ಸುದ್ದಿ. ಕಳ್ಳತನ ಇಮ್ಮಡಿ ಆಯ್ತು. ಆಗ ರಾಜ ಹೆದರಿ ಮುಂದಿನ ಕಳ್ಳನ ತಲೆ ತೆಗೆಸಿದ. ಅದನ್ನು ನೋಡಿ ಕಳ್ಳರೂ ಕತ್ತಿ ಮಾಡಿಸಿಕೊಂಡರು, ತಾವು ದೋಚಿದ ಜನರ ಕತ್ತನ್ನೂ ಕಡಿದು ಸಾಕ್ಷಿ ಇಲ್ಲದಂತೆ ಮಾಡಿದರು. ಆಮೇಲೆ ಸುಳ್ಳು, ಚಾಡಿ, ಹೊಟ್ಟೆಕಿಚ್ಚು ಒಂದರ ಹಿಂದೆ ಒಂದು. ಒಂದೊಂದಕ್ಕೂ ಆಯುಸ್ಸು ಇಳಿಯುತ್ತಾ 40,000, 20,000, 10,000 ಎಂದು ಬಂದು ಕೊನೆಗೆ 10 ವರ್ಷಕ್ಕೆ ನಿಲ್ಲುತ್ತದೆ. ಐದು ವರ್ಷಕ್ಕೆ ಹೆಣ್ಣುಮಕ್ಕಳಿಗೆ ಮದುವೆ. ತುಪ್ಪ, ಬೆಣ್ಣೆ, ಎಣ್ಣೆ, ಬೆಲ್ಲ, ಉಪ್ಪು ಇವುಗಳ ರುಚಿಯೇ ಭೂಮಿಯಿಂದ ಮಾಯ. ಬರಟು ಧಾನ್ಯವೇ ಆಗಿನ ಹಬ್ಬದೂಟ.

ಆಗ ಏಳು ದಿನ ಒಂದು ಕತ್ತಿಯ ಕಾಲ ಬರುತ್ತದೆ. ಮನುಷ್ಯರಿಗೆ ಮನುಷ್ಯರು ಮೃಗಗಳಂತೆ ಕಾಣುತ್ತಾರೆ, ಒಬ್ಬರನ್ನೊಬ್ಬರು ಕೊಲ್ಲುತ್ತಾರೆ. ಕೆಲವರು ಮಾತ್ರ, ನಮಗೆ ಯಾರನ್ನೂ ಕೊಲ್ಲುವುದು ಬೇಡ, ಯಾರಿಂದಲೂ ಸಾಯುವುದೂ ಬೇಡ ಎಂದು ಕಾಡಿಗೆ, ಗುಡ್ಡಕ್ಕೆ, ನದಿ ನಡುವಿನ ನಡುಗಡ್ಡೆಗೆ ಹೋಗಿ ಅಡಗುತ್ತಾರೆ. ಏಳು ದಿನ ಕಳೆದು ಹೊರಗೆ ಬಂದವರು ಒಬ್ಬರನ್ನೊಬ್ಬರು ನೋಡಿ, ನೀನೂ ಬದುಕಿದ್ದೀಯಾ ಎಂದು ತಬ್ಬಿಕೊಳ್ಳುತ್ತಾರೆ. ಕೂತು ಮಾತಾಡುತ್ತಾರೆ. ಕೆಟ್ಟದ್ದು ಮಾಡಿಯೇ ಬಂಧುಬಳಗ ಕಳೆದುಕೊಂಡೆವು, ಇನ್ನು ಕೊಲ್ಲುವುದನ್ನಾದರೂ ಬಿಡೋಣ ಎಂದು ನಿಶ್ಚಯಿಸುತ್ತಾರೆ. ಅಷ್ಟಕ್ಕೇ ಅವರ ಮಕ್ಕಳ ಆಯುಸ್ಸು 20 ಆಗುತ್ತದೆ. ಹೌದಲ್ಲ, ಇದು ಫಲ ಕೊಡುತ್ತದೆ ಎಂದು ಕದಿಯುವುದನ್ನೂ ಬಿಡುತ್ತಾರೆ, ಸುಳ್ಳನ್ನೂ ಬಿಡುತ್ತಾರೆ. 40, 80, 160. ಹೀಗೆ ತಲೆಮಾರುಗಳು ಏರಿ ಏರಿ ಮತ್ತೆ 80,000 ತಲುಪಿದಾಗ, ಈಗಿನ ವಾರಾಣಸಿ ಕೇತುಮತಿ ಎಂಬ ರಾಜಧಾನಿಯಾಗಿ, ಶಂಖ ಎಂಬ ಚಕ್ರವರ್ತಿ ಕತ್ತಿ ಇಲ್ಲದೆ ಆಳುತ್ತಿರುವಾಗ, ಮೈತ್ರೇಯ ಹುಟ್ಟುತ್ತಾನೆ. ಇಡೀ ಉದ್ದದ ಸುತ್ತದಲ್ಲಿ ಅವನಿಗೆ ಸಿಗುವುದು ಸ್ವಲ್ಪವೇ ಜಾಗ. ಉಳಿದದ್ದೆಲ್ಲ ಮನುಷ್ಯರ ಕತೆ.

ಆ ಒಳ್ಳೆಯ ಕಾಲದ ವರ್ಣನೆಯೂ ಮಜವಾಗಿದೆ. ಮೂರೇ ಕಾಯಿಲೆ: ಆಸೆ, ಹಸಿವು, ಮುಪ್ಪು. ಊರುಗಳು ಎಷ್ಟು ಒತ್ತೊತ್ತಾಗಿ ಎಂದರೆ ಕೋಳಿ ಈ ಊರಿಂದ ಹಾರಿ ಆ ಊರಲ್ಲಿ ಕೂರಬಹುದು. ಡೊಂಬಿವಲಿ, ಠಾಕುರ್ಲಿ ನೋಡಿದರೆ ಭವಿಷ್ಯದ ಆ ಭಾಗ ಮಾತ್ರ ಈಗಲೇ ನಿಜವಾಗಿದೆ.

ನಿಮ್ಮ ಅಜ್ಜಿ ಹೇಳಿದ ಕತೆಯಲ್ಲಿ ತಪ್ಪೇನಿಲ್ಲ. ಅದು ಬೇರೆ ಕತೆ, ಅಷ್ಟೇ. ಎರಡನ್ನೂ ಒಂದು ಮಾಡಿದರೆ ಸುತ್ತದ ಮುಖ್ಯ ಮಾತೇ ಬಿದ್ದುಹೋಗುತ್ತದೆ ಎನ್ನುವುದು ನನ್ನ ತಕರಾರು.

ಪ್ರ: ಎಷ್ಟು ವರ್ಷ ಕಾಯಬೇಕು? ಒಂದು ಕಡೆ 57 ಕೋಟಿ, ಇನ್ನೊಂದು ಕಡೆ 567 ಕೋಟಿ ಅಂತ ಓದಿದೆ. (ವಿದ್ಯಾರ್ಥಿ, ಗೋರೆಗಾಂವ್)

ಲೆಕ್ಕ ಹೀಗಿದೆ. ತುಷಿತ ಲೋಕದ ಒಂದು ದಿನ ಎಂದರೆ ನಮ್ಮ 400 ವರ್ಷ. ಅಲ್ಲಿನ ಆಯುಸ್ಸು 4,000 ವರ್ಷ. ವರ್ಷಕ್ಕೆ 360 ದಿನ ಹಿಡಿದು ಗುಣಿಸಿದರೆ 57 ಕೋಟಿ 60 ಲಕ್ಷ. ಚೀನಾ, ಜಪಾನಿನಲ್ಲಿ ಬಳಕೆಗೆ ಬಂದದ್ದು ಮಾತ್ರ 567 ಕೋಟಿ. ಎಲ್ಲೋ ನಕಲು ಮಾಡುವಾಗ 576 ಹೋಗಿ 567 ಆಗಿ, ಸೊನ್ನೆಯೂ ಹೆಚ್ಚಾಗಿರಬೇಕು ಎಂದು ಊಹಿಸುತ್ತಾರೆ. ನಿನ್ನ ಪರೀಕ್ಷೆಗೆ ಎರಡರಿಂದಲೂ ತೊಂದರೆ ಇಲ್ಲ ತಮ್ಮಾ.

ಪ್ರ: ಲಡಾಖ್‌ಗೆ ಹೋಗಿದ್ದೆವು. ಅಲ್ಲಿನ ದೊಡ್ಡ ಬುದ್ಧ ಕುರ್ಚಿಯ ಮೇಲೆ ಕೂತಂತೆ ಎರಡೂ ಕಾಲು ಇಳಿಬಿಟ್ಟಿದ್ದಾನೆ, ತಲೆಗೆ ಕಿರೀಟ ಬೇರೆ. ಬುದ್ಧನಿಗೆ ಕಿರೀಟ ಯಾಕೆ? (ನಿವೃತ್ತ ನೌಕಾಪಡೆ ಸಿಬ್ಬಂದಿ, ವಾಸ್ಕೊ)

ನೀವು ನೋಡಿದ್ದು ನುಬ್ರಾ ಕಣಿವೆಯ ದಿಸ್ಕಿತ್‌ನ ಮೂರ್ತಿ ಇರಬೇಕು ಸರ್, 106 ಅಡಿ. 2010ರಲ್ಲಿ ದಲೈ ಲಾಮಾ ಬಂದು ಪ್ರತಿಷ್ಠೆ ಮಾಡಿದ್ದು. ಮೈತ್ರೇಯ ಇನ್ನೂ ಬುದ್ಧ ಆಗಿಲ್ಲ, ಬೋಧಿಸತ್ವ. ಬೋಧಿಸತ್ವರನ್ನು ರಾಜಕುಮಾರರ ಹಾಗೆ ಒಡವೆ, ಕಿರೀಟ ಹಾಕಿ ತೋರಿಸುವುದು ರೂಢಿ. ಕಾಲು ಇಳಿಬಿಟ್ಟಿರುವುದಕ್ಕೆ ಅಲ್ಲಿನವರು ಕೊಡುವ ಕಾರಣ ಸರಳ: ಎದ್ದು ಹೊರಡಲು ತಯಾರಾಗಿ ಕೂತಿದ್ದಾನೆ. ಆದರೆ ಇದು ಕಡ್ಡಾಯವೇನಲ್ಲ. ಥಿಕ್ಸೆ ಮಠದ ಎರಡಂತಸ್ತಿನ ಮೈತ್ರೇಯ ಪದ್ಮಾಸನ ಹಾಕಿದ್ದಾನೆ. ಕಾರ್ಗಿಲ್‌ನಿಂದ ಲೇಹ್‌ಗೆ ಹೋಗುವ ದಾರಿಯ ಮುಲ್ಬೆಖ್‌ನಲ್ಲಿ ಬಂಡೆಯಲ್ಲೇ ಕೊರೆದವನು ನಾಲ್ಕು ಕೈಯವನು, ನಿಂತಿದ್ದಾನೆ. ಗಾಂಧಾರದ ಹಳೆಯ ಶಿಲ್ಪಗಳಲ್ಲಿ ಅವನಿಗೆ ಮೀಸೆಯೂ ಇದೆ, ಕೈಯಲ್ಲಿ ನೀರಿನ ಗಿಂಡಿ.

ಕೊರಿಯಾ, ಜಪಾನಿನವರು ಇನ್ನೊಂದು ಭಂಗಿ ಇಷ್ಟಪಟ್ಟರು. ಒಂದು ಕಾಲು ಇನ್ನೊಂದರ ತೊಡೆಯ ಮೇಲೆ, ಬೆರಳು ಕೆನ್ನೆಯ ಹತ್ತಿರ, ಯೋಚನೆಯಲ್ಲಿ ಮುಳುಗಿದ ಮುಖ. ಕ್ಯೋಟೊದ ಕೊರ್ಯೂಜಿ ಗುಡಿಯ ಏಳನೇ ಶತಮಾನದ ಮರದ ಮೈತ್ರೇಯ ಎಷ್ಟು ಚೆಂದ ಎಂದರೆ, 1960ರಲ್ಲಿ ಒಬ್ಬ ವಿದ್ಯಾರ್ಥಿ ಮೈಮರೆತು ಹತ್ತಿರ ಹೋಗಿ ಅದರ ಬೆರಳನ್ನೇ ಮುರಿದ. ಜೋಡಿಸಿದ್ದಾರೆ ಬಿಡಿ. ಕಲ್ಲಲ್ಲಿ ಕೊರೆದವರಲ್ಲಿ ಎಲ್ಲಕ್ಕಿಂತ ದೊಡ್ಡವನು ಬೇಕು ಎನ್ನುವವರು ಚೀನಾದ ಲೆಶಾನ್‌ಗೆ ಹೋಗಬೇಕು. ಮೂರು ನದಿ ಸೇರುವ ಕಡೆ ಗುಡ್ಡದಲ್ಲೇ ಕೊರೆದ 71 ಮೀಟರ್ ಮೂರ್ತಿ. ದೋಣಿಗಳು ಮುಳುಗುವುದು ನಿಲ್ಲಲಿ ಎಂದು ಹೈತೋಂಗ್ ಎಂಬ ಭಿಕ್ಷು 713ರಲ್ಲಿ ಶುರುಮಾಡಿದ್ದು, ಮುಗಿದದ್ದು 803ರಲ್ಲಿ. ಅದಕ್ಕಾಗಿ ಕೂಡಿಸಿದ್ದ ನಿಧಿಯ ಮೇಲೆ ಕಣ್ಣು ಹಾಕಿದ ಅಧಿಕಾರಿಗೆ, ನನ್ನ ಕಣ್ಣು ಬೇಕಾದರೆ ತಗೋ, ಬುದ್ಧನ ದುಡ್ಡು ಮುಟ್ಟಬೇಡ ಎಂದು ಹೈತೋಂಗ್ ತನ್ನ ಕಣ್ಣನ್ನೇ ಕಿತ್ತ ಎಂದು ಕತೆ. ದೇಣಿಗೆ ಎತ್ತಿ ಕಟ್ಟಡ ಕಟ್ಟಿಸುವ ನಮ್ಮ ಸಂಘಗಳ ಖಜಾಂಚಿಗಳು ಇದನ್ನು ಓದಬೇಕು.

ಪ್ರ: ಮೈತ್ರೇಯ ಈಗಾಗಲೇ ಹುಟ್ಟಿದ್ದಾನೆ, ವಿದೇಶದಲ್ಲಿದ್ದಾನೆ, ಹೆಸರು ನೋಂದಾಯಿಸಿ ಎಂದು ವಾಟ್ಸಾಪ್‌ನಲ್ಲಿ ಬರುತ್ತಿದೆ. ಏನು ಮಾಡಲಿ? (ಗೃಹಿಣಿ, ನವಿ ಮುಂಬೈ)

ಡಿಲೀಟ್ ಮಾಡಿ ಅಕ್ಕಾ. ಹಣ ಕೇಳಿದರೆ ಬ್ಲಾಕೂ ಮಾಡಿ. ಈ ಆಟ ಹೊಸದೇನಲ್ಲ, 1,500 ವರ್ಷ ಹಳೆಯದು. ಕ್ರಿ.ಶ. 515ರಲ್ಲಿ ಉತ್ತರ ಚೀನಾದಲ್ಲಿ ಫಾಚಿಂಗ್ ಎಂಬ ಭಿಕ್ಷು ‘ಹೊಸ ಬುದ್ಧ ಬಂದಾಯ್ತು’ ಎಂದು ಜನರನ್ನು ಎಬ್ಬಿಸಿದ. ಒಬ್ಬನನ್ನು ಕೊಂದರೆ ಬೋಧಿಸತ್ವನ ಮೊದಲ ಮೆಟ್ಟಿಲು, ಹತ್ತು ಜನರನ್ನು ಕೊಂದರೆ ಹತ್ತನೆಯದು ಎಂದು ಬೋಧಿಸಿದ! ಮೇಲೆ ಹೇಳಿದ ಸುತ್ತದಲ್ಲಿ ಕೊಲ್ಲುವುದನ್ನು ಬಿಟ್ಟವರಿಂದಲೇ ಒಳ್ಳೆಯ ಕಾಲ ಶುರುವಾಗುತ್ತದೆ, ಇವನು ಅದನ್ನು ತಲೆಕೆಳಗು ಮಾಡಿದ. 690ರಲ್ಲಿ ಚೀನಾದ ಸಿಂಹಾಸನ ಏರಿದ ವೂ ಝೆತಿಯೆನ್ ಎಂಬ ಸಾಮ್ರಾಜ್ಞಿಯನ್ನು ಆಸ್ಥಾನದ ಭಿಕ್ಷುಗಳು ಮೈತ್ರೇಯನ ಅವತಾರ ಎಂದು ಸಾರಿದರು. ಹೆಂಗಸು ಆಳುವುದಕ್ಕೆ ಕನ್‌ಫ್ಯೂಶಿಯಸ್ ಪಂಥದಲ್ಲಿ ಜಾಗ ಇರಲಿಲ್ಲ, ಬೌದ್ಧ ಗ್ರಂಥದಲ್ಲಿ ಹುಡುಕಿ ತೆಗೆದರು. ರಾಜಕಾರಣವಾಗಿ ಜಾಣತನವೇ. ಕೊರಿಯಾದ ಗುಂಗ್ ಯೆ 901ರಲ್ಲಿ ತನ್ನದೇ ರಾಜ್ಯ ಕಟ್ಟಿ ನಾನೇ ಮೈತ್ರೇಯ ಅಂದ, ಜನರ ಮನಸ್ಸು ಓದುತ್ತೇನೆ ಅಂದ, ಆ ಶಕ್ತಿಯಲ್ಲಿ ದ್ರೋಹ ‘ಕಂಡು’ ಹೆಂಡತಿ, ಮಕ್ಕಳನ್ನೂ ಕೊಂದ. 918ರಲ್ಲಿ ಅವನ ಸೇನಾಪತಿಗಳೇ ಅವನನ್ನು ಇಳಿಸಿದರು. ಚೀನಾದಲ್ಲಿ 1351ರ ಕೆಂಪು ಮುಂಡಾಸಿನವರ ದಂಗೆಯಲ್ಲೂ ಮೈತ್ರೇಯ ಬರುತ್ತಾನೆ ಎಂಬ ಕೂಗಿತ್ತು. ಅದೇ ದಂಗೆಯಿಂದ ಮೇಲೆ ಬಂದ ಝೂ ಯುವಾನ್‌ಝಾಂಗ್ 1368ರಲ್ಲಿ ಮಿಂಗ್ ವಂಶದ ಚಕ್ರವರ್ತಿ ಆದ, ಆದ ಮೇಲೆ ಆ ಪಂಥಗಳನ್ನೇ ನಿಷೇಧಿಸಿದ. ಹತ್ತಿದ ಏಣಿ ಒದೆಯುವುದು ಎಂದರೆ ಇದೇ.

ಒಬ್ಬರು ಮಾತ್ರ ಬೇಡ ಅಂದರು. ಅಡ್ಯಾರಿನ ಥಿಯೊಸಾಫಿಕಲ್ ಸೊಸೈಟಿಯವರು ಜಿಡ್ಡು ಕೃಷ್ಣಮೂರ್ತಿಯವರನ್ನು ಹುಡುಗನಾಗಿದ್ದಾಗಲೇ ಗುರುತಿಸಿ, ಮೈತ್ರೇಯ ಇವರ ಮೂಲಕ ಮಾತಾಡುತ್ತಾನೆ ಎಂದು 1911ರಲ್ಲಿ ಒಂದು ಸಂಸ್ಥೆಯನ್ನೇ ಕಟ್ಟಿದ್ದರು. 1929ರ ಆಗಸ್ಟ್‌ನಲ್ಲಿ ಹಾಲೆಂಡಿನ ಒಮ್ಮೆನ್‌ನಲ್ಲಿ, ಅನುಯಾಯಿಗಳು ಕೂತಿರುವಾಗಲೇ, ಕೃಷ್ಣಮೂರ್ತಿ ಆ ಸಂಸ್ಥೆಯನ್ನು ವಿಸರ್ಜಿಸಿದರು. ನೋಂದಣಿ ಕೇಳುವವರಿಗೆ ಈ ಕತೆ ಫಾರ್ವರ್ಡ್ ಮಾಡಿ ನೋಡಿ.

ಪ್ರ: ಅಷ್ಟು ಕೋಟಿ ವರ್ಷ ಇದ್ದರೆ ನಂಬುವವರು ಸುಮ್ನೆ ಕಾಯುತ್ತಾ ಕೂರುತ್ತಾರಾ? (ಬ್ಯಾಂಕ್ ಉದ್ಯೋಗಿ, ಮಡಗಾಂವ್)

ಕೂರುವುದಿಲ್ಲ, ಅವನ ಕಾಲದಲ್ಲಿ ಹುಟ್ಟಲು ಸೀಟು ಕಾದಿರಿಸುತ್ತಾರೆ. ಥಾಯ್ಲೆಂಡಿನಲ್ಲಿ ಫ್ರಾ ಮಲಾಯ್ ಎಂಬ ಭಿಕ್ಷುವಿನ ಕತೆ ಮನೆಮಾತು. ಅವನು ದೇವಲೋಕಕ್ಕೆ ಹೋದಾಗ ಮೈತ್ರೇಯ ಸಿಕ್ಕಿ, ನನ್ನನ್ನು ನೋಡಬೇಕೆನ್ನುವವರು ಬುದ್ಧನ ಹಿಂದಿನ ಜನ್ಮದ ಕತೆಯಾದ ವೆಸ್ಸಂತರ ಜಾತಕದ ಸಾವಿರ ಗಾಥೆಗಳನ್ನು ಒಂದೇ ದಿನದಲ್ಲಿ ಪೂರ್ತಿ ಕೇಳಲಿ ಎಂದನಂತೆ. ಹಾಗಾಗಿ ಈಗಲೂ ಹಳ್ಳಿ ಹಳ್ಳಿಯಲ್ಲಿ ಹದಿಮೂರು ಅಧ್ಯಾಯಗಳ ಪಠಣ ನಡೆಯುತ್ತದೆ. ಶ್ರೀಲಂಕಾದ ಹಳೆಯ ಚರಿತ್ರೆಯ ಗ್ರಂಥ ಮಹಾವಂಸದ ಪ್ರಕಾರ ದುಟ್ಟಗಾಮಣಿ ರಾಜನೇ ಮೈತ್ರೇಯನ ಮೊದಲ ಶಿಷ್ಯ ಆಗುವವನು, ರಾಜನ ಅಪ್ಪ ಅಮ್ಮನೇ ಮೈತ್ರೇಯನ ಅಪ್ಪ ಅಮ್ಮ. ಜಪಾನಿನ ಕೋಯ ಬೆಟ್ಟದಲ್ಲಿ ಕೂಕಾಯ್ ಎಂಬ ಗುರು 835ರಲ್ಲಿ ಸತ್ತಿಲ್ಲ, ಮೈತ್ರೇಯ ಬರುವವರೆಗೆ ಧ್ಯಾನದಲ್ಲಿ ಕೂತಿದ್ದಾನೆ ಎಂದು ನಂಬಿಕೆ. ಭಿಕ್ಷುಗಳು ಇವತ್ತಿಗೂ ದಿನಕ್ಕೆ ಎರಡು ಸಲ ಅವನಿಗೆ ಊಟ ಒಯ್ಯುತ್ತಾರೆ. ಅವನ ಜೊತೆಗೇ ಏಳೋಣ ಎಂದು ಸುತ್ತಮುತ್ತ ಎರಡು ಲಕ್ಷಕ್ಕೂ ಹೆಚ್ಚು ಸಮಾಧಿಗಳು.

ನನಗೆ ಇವೆಲ್ಲಕ್ಕಿಂತ ಇಷ್ಟ ಟಿಬೆಟಿನವರು ಹೇಳುವ, ಅಸಂಗ ಎಂಬ ಬೌದ್ಧ ಗುರುವಿನ ಕತೆ. ಮೈತ್ರೇಯನನ್ನು ಕಾಣಬೇಕೆಂದು ಗುಹೆಯಲ್ಲಿ ಹನ್ನೆರಡು ವರ್ಷ ಧ್ಯಾನ ಮಾಡಿದ ಅಸಂಗ, ಒಂದು ಕನಸೂ ಬೀಳದೆ, ಸಾಕಾಗಿ ಹೊರಟ. ದಾರಿಯಲ್ಲಿ ಒಂದು ನಾಯಿ. ಹಿಂಭಾಗ ಕೊಳೆತು ಹುಳ ಬಿದ್ದಿದೆ. ಹುಳ ತೆಗೆದರೆ ಹುಳ ಸಾಯುತ್ತವೆ, ಬಿಟ್ಟರೆ ನಾಯಿ ಸಾಯುತ್ತದೆ. ತನ್ನ ತೊಡೆಯ ಮಾಂಸ ಕೊಯ್ದು ಹುಳಗಳಿಗೆ ಇಟ್ಟ. ಕೈಯಲ್ಲಿ ಹಿಡಿದರೆ ನಜ್ಜುಗುಜ್ಜಾಗುತ್ತವೆ ಎಂದು ಕಣ್ಣು ಮುಚ್ಚಿ ನಾಲಿಗೆ ಚಾಚಿದ. ನಾಲಿಗೆ ನೆಲಕ್ಕೆ ತಾಗಿತು. ಕಣ್ಣು ಬಿಟ್ಟರೆ ನಾಯಿ ಇಲ್ಲ, ಮೈತ್ರೇಯ ನಿಂತಿದ್ದಾನೆ. ಇಷ್ಟು ವರ್ಷ ಎಲ್ಲಿದ್ದೆ ಎಂದು ಅಸಂಗ ಜಗಳಕ್ಕೇ ನಿಂತ. ನಾನು ಇಲ್ಲೇ ಇದ್ದೆ, ನಿನಗೆ ಕಂಡಿರಲಿಲ್ಲ, ನಂಬಿಕೆ ಇಲ್ಲದಿದ್ದರೆ ಹೆಗಲ ಮೇಲೆ ಹೊತ್ತು ಪೇಟೆಗೆ ನಡೆ ಎಂದ ಮೈತ್ರೇಯ. ಅಸಂಗ ಪೇಟೆಯಲ್ಲೆಲ್ಲ ಹೊತ್ತು ತಿರುಗಿ ಏನು ಕಾಣುತ್ತದೆ ಎಂದು ಕೇಳಿದ. ಏನೂ ಇಲ್ಲವಲ್ಲ ಎಂದರು ಎಲ್ಲರೂ. ಒಬ್ಬ ಮುದುಕಿಗೆ ಮಾತ್ರ ನಾಯಿ ಕಂಡಿತು.

ಪ್ರ: ನಾವು ಕಲಬುರಗಿ ಕಡೆಯ ಬೌದ್ಧರು. ಪ್ರತಿ ಡಿಸೆಂಬರ್ 6ಕ್ಕೆ ದಾದರಿನ ಚೈತ್ಯಭೂಮಿಗೆ ಹೋಗುತ್ತೇವೆ. ಆದರೆ ಮೈತ್ರೇಯನ ಹೆಸರನ್ನು ನಮ್ಮವರ ಬಾಯಲ್ಲಿ ಕೇಳಿಯೇ ಇಲ್ಲ. ಯಾಕೆ? (ಪಾಲಿಕೆ ನೌಕರರು, ಚೆಂಬೂರ್)

ಯಾಕೆಂದರೆ ಬಾಬಾಸಾಹೇಬರು ಕಾಯುತ್ತಾ ಕೂರುವ ಧರ್ಮ ಕೊಡಲಿಲ್ಲ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಕೊಟ್ಟ 22 ಪ್ರತಿಜ್ಞೆಗಳಲ್ಲಿ ಮೈತ್ರೇಯನ ಸುದ್ದಿಯೇ ಇಲ್ಲ. ಬುದ್ಧ ವಿಷ್ಣುವಿನ ಅವತಾರ ಎಂಬುದನ್ನು ಒಪ್ಪುವುದಿಲ್ಲ ಎನ್ನುವುದು ಐದನೆಯದು. ಅವರು ತೀರಿಕೊಂಡ ಮೇಲೆ 1957ರಲ್ಲಿ ಬಂದ ‘ಬುದ್ಧ ಮತ್ತು ಅವನ ಧಮ್ಮ’ದಲ್ಲಿ ಬುದ್ಧ ಮಾರ್ಗದಾತ, ಮೋಕ್ಷದಾತ ಅಲ್ಲ ಎಂದು ಬಿಡಿಸಿ ಹೇಳಿದ್ದಾರೆ. ಹಾಗಿರುವಾಗ ಇನ್ನೊಬ್ಬ ಬಂದು ಉದ್ಧಾರ ಮಾಡಲಿ ಎಂಬ ಮಾತಿಗೆ ಜಾಗ ಎಲ್ಲಿ? ಆದರೂ ಪುಣೆಯವರ ಪ್ರಶ್ನೆಗೆ ಕೊಟ್ಟ ಉತ್ತರದಲ್ಲಿನ ಸುತ್ತವನ್ನು ಒಮ್ಮೆ ಓದಿ ಎಂದು ನಿಮಗೆ ಹೇಳುತ್ತೇನೆ. ಬಡವನಿಗೆ ಪಾಲು ಕೊಡದ ರಾಜ್ಯ ಹೇಗೆ ಕೊನೆಗೆ ಕತ್ತಿಗೆ ಬರುತ್ತದೆ ಎಂಬ ಭಾಗಕ್ಕೆ ಬಾಬಾಸಾಹೇಬರ ತಕರಾರು ಇರುತ್ತಿರಲಿಲ್ಲ ಅನಿಸುತ್ತದೆ.

ಪ್ರ: ಲಡಾಖ್, ಜಪಾನ್ ಎಲ್ಲ ದೂರ. ನಮ್ಮ ಕಾನ್ಹೇರಿ ಗುಹೆಗಳಲ್ಲಿ ಮೈತ್ರೇಯ ಸಿಗುತ್ತಾನಾ? ಮಕ್ಕಳಿಗೆ ತೋರಿಸಬೇಕು. (ರಾತ್ರಿ ಶಾಲೆಯ ಮಾಸ್ತರು, ಬೋರಿವಲಿ)

ಮೊದಲು ಒಂದು ಎಚ್ಚರಿಕೆ ಮಾಸ್ತರೇ. ಮಹಾರಾಷ್ಟ್ರದ ಗುಹೆಗಳಲ್ಲಿ ಕಾಲು ಇಳಿಬಿಟ್ಟು ಕೂತವರೆಲ್ಲ ಮೈತ್ರೇಯ ಅಲ್ಲ. ಎಲ್ಲೋರದ 10ನೇ ಗುಹೆ, ಅಜಂತಾದ 26ನೇ ಗುಹೆಯವನು ಹಾಗೆ ಕೂತ ಶಾಕ್ಯಮುನಿ, ಧರ್ಮ ಬೋಧಿಸುತ್ತಿದ್ದಾನೆ. ಬುದ್ಧನ ಅಕ್ಕಪಕ್ಕ ನಿಂತವರ ಮುಡಿ ನೋಡಲು ಮಕ್ಕಳಿಗೆ ಹೇಳಿ. ಮುಡಿಯಲ್ಲಿ ಪುಟ್ಟ ಬುದ್ಧ ಇದ್ದರೆ ಕರುಣೆಯ ಬೋಧಿಸತ್ವ ಅವಲೋಕಿತೇಶ್ವರ, ಪುಟ್ಟ ಸ್ತೂಪ ಇದ್ದರೆ ಮೈತ್ರೇಯ. ಕಾನ್ಹೇರಿಯಲ್ಲಿ ಅವಲೋಕಿತೇಶ್ವರನ ದರ್ಬಾರು ಜೋರು, 41ನೇ ಗುಹೆಯಲ್ಲಿ ಹನ್ನೊಂದು ತಲೆಯವನೇ ಇದ್ದಾನೆ. ಮೈತ್ರೇಯನನ್ನು ಅನುಮಾನವಿಲ್ಲದೆ ತೋರಿಸಬೇಕೆಂದರೆ ಅಜಂತಾದ 17ನೇ ಗುಹೆಯ ಬಾಗಿಲ ಮೇಲ್ಪಟ್ಟಿಗೇ ಹೋಗಬೇಕು. ಸಾಲಾಗಿ ಎಂಟು ಜನ ಕೂತಿದ್ದಾರೆ, ಆಗಿಹೋದ ಏಳು ಬುದ್ಧರು, ಎಂಟನೆಯವನು ಮೈತ್ರೇಯ. ಅವರ ಕೆಳಗೇ ಸರಸವಾಡುವ ಜೋಡಿಗಳ ಸಾಲು ಇದೆ, ಮಕ್ಕಳು ಕೇಳಿದರೆ ಏನು ಹೇಳುತ್ತೀರೋ ನೀವೇ ನೋಡಿಕೊಳ್ಳಿ. ಕಾನ್ಹೇರಿಗೆ ಹೋಗುವುದಾದರೆ ಸೋಮವಾರ ಬೇಡ, ಗುಹೆಗಳಿರುವ ಉದ್ಯಾನ ಮುಚ್ಚಿರುತ್ತದೆ, ಮತ್ತೆ ಮಂಗಗಳ ಎದುರು ಡಬ್ಬಿ ತೆರೆಯಬೇಡಿ.